ಡೇರೆಯ ಹೊರಗಿನ ಗಣೆ

2023ರ ಜನವರಿಯಲ್ಲಿ ಮಧುಗಿರಿಯಿಂದ ಹಂಪಿ ಉತ್ಸವಕ್ಕೆ ಹೋಗಿದ್ದೆ. ಸಂಗೀತ ಮುಗಿದ ಮೇಲೆ ತಂಗಲು, ಮೊದಲೇ ಹೂಡಿಟ್ಟಿದ್ದ ಡೇರೆಯೊಂದರಲ್ಲಿ ಸ್ಥಳ ದೊರೆಯಿತು. ಶಿರಾ ಸೀಮೆಯ ವೃದ್ಧ ಕಾಡುಗೊಲ್ಲ ಕಲಾವಿದರೊಬ್ಬರು ಜೊತೆಗಿದ್ದರು. ಮಂಚ, ಹೊದಿಕೆ, ದೀಪ ಎಲ್ಲವೂ ಇದ್ದವು. ಆದರೂ ನಡುರಾತ್ರಿ ಅವರ ಹಾಸಿಗೆ ಬರಿದಾಗಿತ್ತು. ಹೊರಬಂದು ನೋಡಿದರೆ, ಬಂಡೆಗೊರಗಿ ಗಣೆಯೆಂಬ ಉದ್ದನೆಯ ಬಿದಿರ ಕೊಳಲನ್ನು ಮೆಲ್ಲನೆ ಊದುತ್ತಿದ್ದರು.

“ಬಟ್ಟೆಯೊಳಗಿದ್ರೆ ಚುಕ್ಕಿ ಕಾಣಲ್ಲ ಮೇಷ್ಟ್ರೇ, ನಿದ್ದೆ ಹತ್ತಲಿಲ್ಲ” ಎಂದರು.

ಜುಂಜಪ್ಪನ ಕಾವ್ಯವನ್ನು ಕುರಿತು ಎಂ.ಎ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು. ಅದರೊಡನೆ ನುಡಿಯುವ ಗಣೆಯನ್ನು ಮಾತ್ರ ಕೇಳಿರಲಿಲ್ಲ. ನೆರೆಯ ತಾಲ್ಲೂಕಿನ ದನಿಯನ್ನು ಕೇಳಲು ತುಂಗಭದ್ರೆಯ ತಡಿಗೆ ಬರಬೇಕಾಯಿತು! ನಾಚಿಕೊಂಡೇ, “ಇನ್ನೊಮ್ಮೆ ಊದಿ, ಅಜ್ಜ” ಎಂದೆ. ಅವರು ಸರಿದು, ತಮ್ಮ ಕರಿಕಂಬಳಿಯ ಮೇಲೆ ನನಗೂ ಜಾಗ ಮಾಡಿದರು.