ಹಾಸಿಗೆಯ ಪಕ್ಕದ ಓದು

ಕೆಲಸದಲ್ಲಿರುವ ನರ್ಸೊಬ್ಬಳು ಎಂ.ಎಸ್ಸಿ. ಓದುತ್ತೇನೆ ಅಂದರೆ ಮನೆಯವರೂ ಜೊತೆಯವರೂ ಕೇಳುವುದು ಒಂದೇ ಮಾತು: ‘ಕೈಯಲ್ಲಿ ಕೆಲಸ ಇದೆ, ತಿಂಗಳಾದರೆ ಸಂಬಳ ಬರುತ್ತೆ, ಇನ್ನು ಓದೋದೇನಿದೆ?’ ನನ್ನನ್ನೂ ಕೇಳಿದರು. ನನ್ನ ಬಳಿ ಆಗ ಇದ್ದದ್ದು ಉತ್ತರವಲ್ಲ, ವಾರ್ಡಿನಿಂದ ಹೊತ್ತು ತಂದಿದ್ದ ಕೆಲವು ಪ್ರಶ್ನೆಗಳು. ಪಾರ್ಶ್ವವಾಯು ಬಡಿದು ಮಲಗಿದ ಇಬ್ಬರಿಗೆ ಒಂದೇ ರೀತಿ ಬ್ಯಾಕ್ ಕೇರ್ ಕೊಟ್ಟರೂ ಒಬ್ಬರಿಗೆ ಬೆಡ್‌ಸೋರ್ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ. ಯಾಕೆ? ಡಿಸ್ಚಾರ್ಜ್ ಆಗುವಾಗ ಬೆನ್ನು ಚೆನ್ನಾಗಿಯೇ ಇದ್ದವರು ಕೆಲವೇ ವಾರಗಳಲ್ಲಿ ಗಾಯ ಮಾಡಿಕೊಂಡು ಮತ್ತೆ ಬಂದು ಸೇರುತ್ತಾರೆ. ಮನೆಯಲ್ಲಿ ಏನು ನಡೆಯಿತು? ಒಂದು ಕಡೆ ಡ್ರಿಪ್ ಮುಗಿಯುತ್ತಿರುವಾಗ, ಇನ್ನೊಂದು ಕಡೆ ಹೊಸ ಅಡ್ಮಿಷನ್ ಬಂದು ನಿಂತಿರುವಾಗ ಇದನ್ನೆಲ್ಲ ಯೋಚಿಸಲು ಪುರುಸೊತ್ತೆಲ್ಲಿ? ಆ ಪುರುಸೊತ್ತು ಹುಡುಕಿಕೊಂಡೇ ನಾನು ಮತ್ತೆ ತರಗತಿಯ ಬೆಂಚಿಗೆ ಹೋದದ್ದು.

ಜಿಎನ್‌ಎಂ ಡಿಪ್ಲೊಮಾ ಮಾಡಿದವರಿಗೆ ಈ ದಾರಿ ಉದ್ದವೇ. ಕೆಲಸದ ನಡುವೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಅದರ ಮೇಲೆ ಎರಡು ವರ್ಷದ ಎಂ.ಎಸ್ಸಿ. ಮೆಡಿಕಲ್ ಸರ್ಜಿಕಲ್, ಮಕ್ಕಳ ಆರೋಗ್ಯ, ಪ್ರಸೂತಿ, ಮನೋರೋಗ, ಸಮುದಾಯ ಆರೋಗ್ಯ ಈ ಐದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ದೆಹಲಿಯಲ್ಲಿ 1946ರಲ್ಲಿ ಆರಂಭವಾದ ನರ್ಸಿಂಗ್ ಕಾಲೇಜು 1959ರಲ್ಲಿ ಸ್ನಾತಕೋತ್ತರ ತರಗತಿ ತೆರೆದಾಗ ಇಂಥ ಓದು ಬೆರಳೆಣಿಕೆಯ ಜನರಿಗೆ ಮಾತ್ರ ದಕ್ಕುತ್ತಿತ್ತು. ಇಂದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಜಿಲ್ಲಾ ಕೇಂದ್ರಗಳಲ್ಲೂ ಅದು ಸಿಗುತ್ತಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿ ಹುಡುಗಿಗೂ ಬಾಗಿಲು ತೆರೆದಿದೆ ಅನ್ನುವುದು ಸಣ್ಣ ಮಾತಲ್ಲ.

ಮೊದಲ ವರ್ಷ ಭಾರವೆನಿಸಿದ್ದು ಸ್ಟಾಟಿಸ್ಟಿಕ್ಸ್. ಆದರೆ ಅದೇ ಹೊತ್ತಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ನನಗೆ ಹೊಸದಾಗಿ ಪರಿಚಯವಾದರು. ಕ್ಯಾಪಿಂಗ್ ದಿನ ದೀಪ ಹಿಡಿದು ಅವರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿದ್ದೆವು. ಅವರು ಅಂಕಿಗಳನ್ನು ಹಿಡಿದು ಹೋರಾಡಿದವರು ಎಂದು ಯಾರೂ ಹೇಳಿರಲಿಲ್ಲ. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗಾಯಗಳಿಂದ ಸತ್ತದ್ದಕ್ಕಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರು ಎಂಬುದನ್ನು 1858ರಲ್ಲಿ ಬಣ್ಣದ ನಕ್ಷೆಗಳಲ್ಲಿ ಬಿಡಿಸಿ, ಸರ್ಕಾರದ ಕಣ್ಣಿಗೆ ಬೀಳುವಂತೆ ಇಟ್ಟರು. ಆರೈಕೆ ಮಾಡಿದ ಕೈಯೇ ಲೆಕ್ಕವನ್ನೂ ಬರೆಯಿತು. ನರ್ಸ್‌ಗೆ ಸಂಶೋಧನೆ ಯಾಕೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ಥಿಯರಿ. ಡೊರೊಥಿಯಾ ಓರೆಮ್ ಅವರ ಸ್ವ-ಆರೈಕೆಯ ಸಿದ್ಧಾಂತ ಕೇಳುವುದು ಇಷ್ಟೇ: ಈ ರೋಗಿ ತನಗೆ ತಾನೇ ಏನು ಮಾಡಿಕೊಳ್ಳಬಲ್ಲರು, ಎಲ್ಲಿ ಸೋಲುತ್ತಾರೆ, ಆ ಕೊರತೆಯನ್ನು ಯಾರು ತುಂಬಬೇಕು? ಪರೀಕ್ಷೆಗೆಂದು ಬಾಯಿಪಾಠ ಮಾಡಿದರೆ ಅದು ಒಣ ಮಾತು. ಪೋಸ್ಟಿಂಗ್‌ಗೆ ಹೋಗಿ ಬಲಗೈ ಸ್ವಾಧೀನ ತಪ್ಪಿದವರ ಎದುರು ನಿಂತು ಕೇಳಿಕೊಂಡರೆ ಅಂದಿನ ಆರೈಕೆಯೇ ಬೇರೆಯಾಗುತ್ತದೆ. ಅವರಿಗೆ ನಾವು ತುತ್ತು ಕೊಡುವುದನ್ನು ಬಿಟ್ಟು, ಎಡಗೈಗೆ ಚಮಚ ಕೊಟ್ಟು, ತಟ್ಟೆ ಜಾರದಂತೆ ಹಿಡಿದು ಕಾಯುತ್ತೇವೆ.

ಓದು ವಾರ್ಡಿನ ರೂಢಿಗಳನ್ನೂ ಪ್ರಶ್ನಿಸುತ್ತದೆ. ಹಿಮ್ಮಡಿಯ ವಿಷಯವನ್ನೇ ನೋಡಿ. ಮಲಗಿದ ರೋಗಿಯ ಹಿಮ್ಮಡಿಯಡಿ ನೀರು ತುಂಬಿದ ಗ್ಲೌಸ್ ಇಡುವುದು, ಕೆಂಪಾದ ಬೆನ್ನನ್ನು ಚೆನ್ನಾಗಿ ಉಜ್ಜುವುದು ನಮ್ಮ ವಾರ್ಡುಗಳಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಬಂದ ರೂಢಿ. ಇವೆರಡೂ ಬೇಡ ಎನ್ನುತ್ತವೆ ಇಂದಿನ ಮಾರ್ಗಸೂಚಿಗಳು. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಬೇಕು. ಒತ್ತಡದಿಂದ ಆಗಲೇ ನೊಂದಿರುವ ಚರ್ಮವನ್ನು ಉಜ್ಜಿದರೆ ಒಳಗಿನ ಪದರಕ್ಕೆ ಇನ್ನಷ್ಟು ಪೆಟ್ಟು ಬೀಳುತ್ತದೆ. ಮತ್ತೂ ಒಂದು ಮಾತಿದೆ. ಬೆಡ್‌ಸೋರ್‌ನ ಮೊದಲ ಹಂತವನ್ನು ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಎಂದು ಪಠ್ಯ ವಿವರಿಸುತ್ತದೆ. ಬಿಸಿಲಲ್ಲಿ ದುಡಿದು ಕಪ್ಪಾದ ನಮ್ಮ ರೈತನ ಬೆನ್ನಿನಲ್ಲಿ ಆ ಕೆಂಪು ಸುಲಭಕ್ಕೆ ಕಾಣದು. ಅಲ್ಲಿ ಕಣ್ಣಿಗಿಂತ ಬೆರಳು ಬೇಕು: ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಅನುಭವಿ ಸಿಸ್ಟರ್‌ಗಳ ಬೆರಳುಗಳು ಇದನ್ನು ಎಷ್ಟೋ ಸಲ ಗುರುತಿಸಿವೆ. ಆದರೆ ಕೇಸ್ ಶೀಟಿನಲ್ಲಿ ಬರೆಯದೆ ಹೋದರೆ ಆ ತಿಳಿವಳಿಕೆ ಶಿಫ್ಟಿನ ಜೊತೆಗೇ ಮುಗಿದುಹೋಗುತ್ತದೆ. ಬೆಡ್‌ಸೋರ್ ಆಗುವ ಅಪಾಯವನ್ನು ಅಳೆಯುವ ಬ್ರೇಡನ್ ಸ್ಕೇಲಿನಲ್ಲಿ ಅಂಕ ಹಾಕಿ ಬರೆದಿಟ್ಟರೆ ರಾತ್ರಿ ಡ್ಯೂಟಿಗೆ ಬರುವ ಹೊಸಬಳಿಗೂ ಯಾವ ರೋಗಿಯ ಮೇಲೆ ಕಣ್ಣಿಡಬೇಕೆಂದು ತಿಳಿಯುತ್ತದೆ.

ಡಿಸರ್ಟೇಷನ್‌ಗೆ ನನ್ನ ಹಳೆಯ ಪ್ರಶ್ನೆಯನ್ನೇ ಎತ್ತಿಕೊಂಡೆ. ಪಾರ್ಶ್ವವಾಯು ರೋಗಿಗಳನ್ನು ನೋಡಿಕೊಳ್ಳುವ ಮನೆಯವರಿಗೆ ಬೆಡ್‌ಸೋರ್ ತಡೆಯುವ ಬಗ್ಗೆ ಏನು ಗೊತ್ತು, ಕಲಿಸಿದರೆ ಎಷ್ಟು ಬದಲಾಗುತ್ತದೆ? ಸಿನಾಪ್ಸಿಸ್, ಎಥಿಕಲ್ ಕಮಿಟಿ, ಪೈಲಟ್ ಸ್ಟಡಿ ಎಲ್ಲ ದಾಟಿ ಪ್ರಶ್ನಾವಳಿ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋದೆ. ಓದು ಬಾರದವರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಿತ್ತು. ಒಬ್ಬ ವಯಸ್ಸಾದ ರೈತರು ಹೆಂಡತಿಯ ತಲೆಯ ಬಳಿ ಕೂತಿದ್ದರು. ಆಕೆಯ ಬೆನ್ನಿನ ಕೆಳಗೆ ಆಗಲೇ ಗಾಯ. ಎಷ್ಟು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಿರಿ ಎಂದು ಕೇಳಿದೆ. ‘ಅಲುಗಾಡಿಸಿದ್ರೆ ನೋವಾಗತ್ತೆ ಅಂತ ಮುಟ್ಟೇ ಇಲ್ಲ ಸಿಸ್ಟರ್, ಹೂವಿನ ಥರ ಇಟ್ಕೊಂಡಿದ್ದೆ’ ಅಂದರು.

ಮನೆಯಿಂದ ಗಾಯದೊಂದಿಗೆ ಬಂದವರನ್ನು ಕಂಡರೆ ‘ಮನೆಯವರು ನೋಡಿಲ್ಲ’ ಎಂದು ಹ್ಯಾಂಡೋವರ್‌ನಲ್ಲಿ ಒಂದು ಮಾತು ಹೇಳಿ ಮುಗಿಸುವುದು ವಾರ್ಡಿನ ವಾಡಿಕೆ. ಇಲ್ಲಿ ನೋಡಿದ್ದರು, ಕಣ್ರೆಪ್ಪೆ ಮುಚ್ಚದೆ ನೋಡಿದ್ದರು. ಪ್ರೀತಿಯೇ ಅವರ ಕೈ ಕಟ್ಟಿತ್ತು. ಅಂದಿನಿಂದ ನನ್ನ ಪಾಠದ ಮೊದಲ ಮಾತು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ನಿಯಮವಾಗಿ ಉಳಿಯಲಿಲ್ಲ. ‘ಹೊರಳಿಸಿದರೆ ಅವರಿಗೆ ಪೆಟ್ಟಾಗುವುದಿಲ್ಲ, ಬನ್ನಿ, ಇಬ್ಬರೂ ಸೇರಿ ಮಾಡೋಣ’ ಎಂದು ಅವರ ಕೈಯಲ್ಲೇ ಡ್ರಾ ಶೀಟ್ ಹಿಡಿಸಿ ಶುರುಮಾಡುತ್ತೇನೆ. ಭಯ ಹೋದ ಮೇಲೆ ಗಡಿಯಾರ ತಾನಾಗಿ ನೆನಪಾಗುತ್ತದೆ.

ನನ್ನ ಬೇಸರ ಇರುವುದು ಓದು ಮುಗಿದ ನಂತರದ ದಾರಿಯ ಬಗ್ಗೆ. ನಮ್ಮಲ್ಲಿ ಎಂ.ಎಸ್ಸಿ. ಆಯಿತೆಂದರೆ ಬಹುಪಾಲು ಲೆಕ್ಚರರ್ ಹುದ್ದೆಗೇ ಹೋಗಬೇಕು. ವಾರ್ಡಿನಲ್ಲೇ ಉಳಿಯುತ್ತೇನೆ ಅನ್ನುವವಳಿಗೆ ಆ ಓದಿಗೆ ತಕ್ಕ ಸ್ಥಾನ ಸಿಗುವುದು ಅಪರೂಪ. ಹಾಗಾಗಿ ರೋಗಿಯ ಪಕ್ಕ ಹುಟ್ಟಿದ ಪ್ರಶ್ನೆಗೆ ಉತ್ತರ ಕಂಡುಕೊಂಡವಳು ರೋಗಿಯಿಂದಲೇ ದೂರವಾಗುತ್ತಾಳೆ. ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸಿನಲ್ಲಿ ವಿದ್ಯಾರ್ಥಿ ಎರಡು ವರ್ಷ ಐಸಿಯುನಲ್ಲಿ ದುಡಿಯುತ್ತಲೇ ಕಲಿಯುತ್ತಾಳೆ. ಅಂಥ ದಾರಿ ಎಲ್ಲ ವಿಭಾಗಗಳಲ್ಲೂ ತೆರೆಯಬೇಕು. ಓದಿ ಬಂದವಳಿಗಾಗಿ ಆಸ್ಪತ್ರೆಗಳಲ್ಲಿ ಹುದ್ದೆಯೂ ಇರಬೇಕು.

ಓದಬೇಕೆಂದಿರುವ ತಂಗಿಯರಿಗೆ, ತಮ್ಮಂದಿರಿಗೆ ನಾನು ಹೇಳುವುದು ಇಷ್ಟು. ಮೊದಲು ಒಂದಷ್ಟು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ. ಯಾವ ರೋಗಿ ನಿಮ್ಮ ಮನಸ್ಸಿನಿಂದ ಹೋಗುವುದಿಲ್ಲವೋ ಅವರನ್ನು ನೋಡಿ ವಿಭಾಗ ಆರಿಸಿಕೊಳ್ಳಿ. ಡಿಸರ್ಟೇಷನ್ ವಿಷಯಕ್ಕೆ ಲೈಬ್ರರಿಯ ಹಳೆಯ ಪ್ರತಿಗಳನ್ನು ತಿರುವಿ ಹಾಕಬೇಡಿ. ನಿಮ್ಮದೇ ವಾರ್ಡಿನಲ್ಲಿ ಉತ್ತರ ಸಿಗದೆ ಉಳಿದದ್ದನ್ನು ಕೇಳಿ. ಉತ್ತರ ಸಿಕ್ಕ ದಿನ ಅದನ್ನು ಮೊದಲು ನಿಮ್ಮ ಹಳೆಯ ವಾರ್ಡಿನ ಸಿಸ್ಟರ್‌ಗಳಿಗೆ ತಿಳಿಸಿ, ಆಮೇಲೆ ಬೈಂಡಿಂಗ್‌ಗೆ ಕೊಡಿ.