ಸೀಸವಿಲ್ಲದ ಸೀಸದಕಡ್ಡಿ

ಕಗ್ಗದಾಸಪುರದ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು, ಪೆನ್ಸಿಲಿನ ಮೊನೆಯನ್ನು ನಾಲಗೆಗೆ ತಾಗಿಸುತ್ತಾ ಬರೆಯುವುದು ನನ್ನ ಅಭ್ಯಾಸವಾಗಿತ್ತು. ಒಮ್ಮೆ ಅಜ್ಜಿ ಕಂಡು, "ಸೀಸದಕಡ್ಡಿ ಕಣೋ, ವಿಷ!" ಎಂದು ಗದರಿದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಗಾಗುವುದರೊಳಗೆ ಸಾಯುವೆನೆಂದೇ ನಂಬಿದ್ದೆ.

ಮರುದಿನ ನನ್ನ ಭಯವನ್ನು ಕೇಳಿ ಉಪಾಧ್ಯಾಯರು ನಕ್ಕರು. ಪೆನ್ಸಿಲಿನೊಳಗಿರುವುದು ಸೀಸವಲ್ಲ, ಇಂಗಾಲದ ಒಂದು ರೂಪವಾದ ಗ್ರಾಫೈಟ್; ಹಿಂದಿನವರು ಅದನ್ನು ಸೀಸವೆಂದು ಭ್ರಮಿಸಿದ್ದರಿಂದ ಆ ಹೆಸರು ಉಳಿಯಿತು. ಅದರ ಪರಮಾಣುಗಳು ಪದರಪದರವಾಗಿ ಜೋಡಣೆಗೊಂಡಿವೆ. ಪದರದೊಳಗಿನ ಬಂಧ ಬಲು ಗಟ್ಟಿ. ಪದರಗಳ ನಡುವಿನದು ಸಡಿಲ. ಒತ್ತಿ ಎಳೆದಾಗ ಪದರಗಳು ಜಾರಿ ಕಳಚಿ, ಕಾಗದದ ಒರಟು ನಾರುಗಳಲ್ಲಿ ಸಿಕ್ಕಿಕೊಳ್ಳುತ್ತವೆ. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬಾತನು ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಟ್ಟನು. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಡಸು, ಗೆರೆ ತಿಳಿ.

ಸಂಜೆ ಅಜ್ಜಿಗೆ ಎಲ್ಲವನ್ನೂ ವಿವರಿಸಿದೆ. "ವಿಷವಲ್ಲದಿದ್ದರೇನು, ಎಂಜಲಲ್ಲವೇ?" ಎಂದರು.