ಬೂದು ಗೋಡೆ, ನವಲಗುಂದದ ಜಮಖಾನ

ಮನೆ ಕಟ್ಟುವುದಕ್ಕಿಂತ ಕಟ್ಟಿದ ಮನೆಯೊಳಗೆ ಏನಿಡಬೇಕೆಂದು ತೀರ್ಮಾನಿಸುವುದೇ ಹೆಚ್ಚು ಕಷ್ಟ. ಕಟ್ಟುವಾಗ ಮೇಸ್ತ್ರಿಯೂ ಇಂಜಿನಿಯರೂ ಹೇಳಿದ್ದಕ್ಕೆ ತಲೆಯಾಡಿಸುತ್ತೇವೆ. ಅಲಂಕಾರದ ಮಾತು ಬಂದರೆ ಮಾತ್ರ ಮನೆಯ ಪ್ರತಿಯೊಬ್ಬರೂ ತಜ್ಞರಾಗಿಬಿಡುತ್ತಾರೆ. ಹುಬ್ಬಳ್ಳಿಯಲ್ಲಿ ಎರಡು ಕೋಣೆಯ ಫ್ಲಾಟು ಕೊಂಡ ಮೇಲೆ ನಮ್ಮಲ್ಲಿ ಮೂರು ತಿಂಗಳು ನಡೆದದ್ದು ಇದೇ ಚರ್ಚೆ.

ಫ್ಲಾಟಿನ ಸಾಲ ತೀರಿಸುವವರು ಬೆಂಗಳೂರಿನಲ್ಲಿರುವ ಮಗ ಮತ್ತು ಸೊಸೆ. ಹಾಗಾಗಿ ಅವರ ಮಾತಿಗೆ ತೂಕವಿತ್ತು. ಅವರು ಆರಿಸಿ ಕಳಿಸಿದ ಚಿತ್ರಗಳಲ್ಲಿ ಎಲ್ಲವೂ ಬೂದು ಬಣ್ಣ: ಬೂದು ಗೋಡೆ, ಬೂದು ಸೋಫಾ, ಯಂತ್ರದಲ್ಲಿ ನೇಯ್ದ ಬೂದು ರಗ್ಗು. ನಡುವೆ ಬಂಗಾರದ ಬಣ್ಣದ ಲೋಹದ ಎಲೆಗಳು, ಒಂದು ಬಿಳಿ ಹೂದಾನಿ. ಗೋಡೆಗೆ, ಗಲ್ಫಿನಿಂದ ಬಂದವರ ಮನೆಗಳಲ್ಲೆಲ್ಲ ಕಾಣುವ, ಮಿರಮಿರ ಮಿಂಚುವ ಸ್ಟೀಲ್ ಅಕ್ಷರಗಳ ಆಯತುಲ್ ಕುರ್ಸಿ. ನನ್ನ ಟ್ರಂಕಿನಲ್ಲಿದ್ದ ಎರಡು ವಸ್ತುಗಳಿಗೆ ಆ ಚಿತ್ರದಲ್ಲಿ ಜಾಗವೇ ಇರಲಿಲ್ಲ. ಒಂದು ಅಬ್ಬಾ ಬೀದರಿನಲ್ಲಿ ಶಿಕ್ಷಕರಾಗಿದ್ದಾಗ ಕೊಂಡ ಬಿದ್ರಿ ಹೂದಾನಿ. ಇನ್ನೊಂದು ನವಲಗುಂದದ ಜಮಖಾನ. "ಅಮ್ಮಿ, ಅವು ಮ್ಯಾಚ್ ಆಗುವುದಿಲ್ಲ" ಎಂದ ಮಗ.

ಈ ಮ್ಯಾಚ್ ಎಂಬ ಮಾತನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಬಿದ್ರಿಯನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಯನ್ನು ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಕೈಯಿಂದಲೇ ಚಿತ್ತಾರ ಗೀರುತ್ತಾರೆ. ಉಳಿಯಿಂದ ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಕಟ್ಟಡಗಳ ಒಳಗಿನ, ಬಿಸಿಲು ಮಳೆ ಸೋಕದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಬಿಸಿ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕಪ್ಪು ಮತ್ತು ಬಿಳಿ, ಮೂರನೆಯ ಬಣ್ಣವಿಲ್ಲ. ಬೂದು ಗೋಡೆಗೆ ಇದಕ್ಕಿಂತ ಹೊಂದುವ ವಸ್ತು ಯಾವ ಅಂಗಡಿಯಲ್ಲಿದೆ? 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಕುಶಲಕರ್ಮಿ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆ ಸುದ್ದಿ ಓದಿದ ಮೇಲೆ ಮಗ ಹೂದಾನಿಯನ್ನು ಕೈಗೆತ್ತಿಕೊಂಡು ನೋಡಿದ್ದಂತೂ ನಿಜ. ನಮ್ಮವರಿಗೆ ಪ್ರಶಸ್ತಿ ಬಂದ ಮೇಲೆಯೇ ಕಣ್ಣು ತೆರೆಯುವುದು!

ಹೂದಾನಿಗೆ ಜಾಗ ಸಿಕ್ಕಿತು, ಆದರೆ ಬೆಳಕು ಹೊಂದಲಿಲ್ಲ. ಹಾಕಿಸಿದ್ದ 6500 ಕೆಲ್ವಿನ್ ಬಲ್ಬಿನ ನೀಲಿಬಿಳುಪು ಬೆಳಕಿನಲ್ಲಿ ಬೆಳ್ಳಿಯೂ ಅಲ್ಯೂಮಿನಿಯಂ ತರಹ ಕಾಣುತ್ತಿತ್ತು. ಸೊಸೆ 3000 ಕೆಲ್ವಿನ್‌ನ ಹಳದಿ ಛಾಯೆಯ ಸಣ್ಣ ದೀಪವೊಂದನ್ನು ಬದಿಯಿಂದ ಬೀಳುವಂತೆ ಇಟ್ಟಳು. ಬಳ್ಳಿಯ ಒಂದೊಂದು ಎಲೆಯೂ ಎದ್ದು ಬಂತು. ಆಧುನಿಕ ಅಲಂಕಾರವೆಂದರೆ ಮೂಗು ಮುರಿಯುವ ನನ್ನ ವಯಸ್ಸಿನವರು ಇದನ್ನು ಗಮನಿಸಬೇಕು. ನಮ್ಮ ಹಳೆಯ ಮನೆಯಲ್ಲಿ ಇದೇ ಹೂದಾನಿ ಶೋಕೇಸಿನೊಳಗೆ ಪ್ಲಾಸ್ಟಿಕ್ ಹೂ, ಗೊಂಬೆ, ಟೀ ಸೆಟ್ಟುಗಳ ಹಿಂದೆ ಮೂವತ್ತು ವರ್ಷ ನಿಂತಿತ್ತು. ಯಾರೂ ಅದನ್ನು ಕಂಡಿರಲಿಲ್ಲ.

ಜಮಖಾನದ ಕತೆ ಬೇರೆ. ನವಲಗುಂದ ಎಂದರೆ ನಾಡಿಗೆ ನೆನಪಾಗುವುದು 1980ರ ರೈತ ಬಂಡಾಯ. ನನಗೆ ನೆನಪಾಗುವುದು ಸೋದರತ್ತೆಯ ಮನೆಯ ನಿಂತ ಮಗ್ಗ. ವಿಜಾಪುರದ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ಈ ನೇಯ್ಗೆಯನ್ನು ತಂದವೆಂದು ಹಿರಿಯರು ಹೇಳುತ್ತಾರೆ. ನೇಯುವವರು ಹೆಂಗಸರು, ಬಹುತೇಕ ಮುಸ್ಲಿಂ ಮನೆಯವರು. ಮಗಳಿಗೆ ಕಲಿಸಿದರೆ ಕಸುಬು ಬೇರೆ ಮನೆಗೆ ಹೋದೀತೆಂದು ಸೊಸೆಗೆ ಮಾತ್ರ ಕಲಿಸುವ ರೂಢಿಯಿತ್ತು. ಹತ್ತಿಯ ದಾರವನ್ನು ಬೆರಳಿನಿಂದಲೇ ಹೆಣೆದು, ಹಲ್ಲುಗಳುಳ್ಳ ಪಂಜದಿಂದ ಬಡಿದು ಕೂರಿಸಬೇಕು. ದೊಡ್ಡ ಜಮಖಾನವಾದರೆ ಇಬ್ಬರು ಅಕ್ಕಪಕ್ಕ ಕೂತು ವಾರಗಟ್ಟಲೆ ನೇಯಬೇಕು. ಪಗಡೆಯ ಹಾಸು, ನವಿಲು, ಜಾನಮಾಜಿನ ಮೇಲೆ ಮೆಹ್ರಾಬಿನ ಕಮಾನು, ಎಲ್ಲವೂ ಕೈಲೆಕ್ಕದಲ್ಲೇ ಮೂಡುತ್ತವೆ.

ನಮ್ಮ ಜಮಖಾನ ನಿಕಾಹ್‌ಗೋ ಮೌಲೂದಿಗೋ ಹೊರಬರುತ್ತಿತ್ತು, ಮರುದಿನ ಬೇವಿನೆಲೆ ಹಾಕಿಸಿಕೊಂಡು ಟ್ರಂಕಿಗೆ ಹೋಗುತ್ತಿತ್ತು. ಅದನ್ನು ಹೊಸ ಹಜಾರದಲ್ಲಿ ಹಾಸಿ ನೋಡಿದರೆ ಅಂಚು ಸೋಫಾದ ಮುಂಗಾಲಿಗೂ ತಲುಪಲಿಲ್ಲ. ಸೊಸೆ ಅಳತೆ ಪಟ್ಟಿ ಹಿಡಿದು "ಆರು ಅಡಿಗೆ ಒಂಬತ್ತು ಬೇಕು" ಎಂದಳು. ಹೊಸದು ನೇಯಿಸೋಣ ಎಂದೆ. ಅವಳು ಒಪ್ಪಿದಳು, ಆದರೆ ಷರತ್ತು ಹಾಕಿದಳು: ಕೆಂಪು, ಹಸಿರು, ಹಳದಿ ಬೇಡ, ಬೂದು ಮತ್ತು ಕಪ್ಪು ಸಾಕು.

ನನಗೆ ಇದು ನುಂಗಲಾರದ ತುತ್ತಾಯಿತು. ಆ ಕೆಂಪಿಲ್ಲದೆ ಅದೆಂಥ ನವಲಗುಂದದ ಜಮಖಾನ? ಇಬ್ಬರೂ ಕೂಡಿಯೇ ಬಸ್ಸು ಹತ್ತಿದೆವು. ಅತ್ತೆ ತೀರಿಕೊಂಡು ವರ್ಷಗಳಾದವು. ಈಗ ಮಗ್ಗದ ಮುಂದೆ ಕೂರುವವಳು ಅವರ ಸೊಸೆ. ಅವಳ ಬದಿಯಲ್ಲಿ ಕೂರುತ್ತಿದ್ದ ನೆಗೆಣ್ಣಿ ದಿನಗೂಲಿಯೇ ಮೇಲೆಂದು ಬೇರೆ ಕೆಲಸ ಹಿಡಿದಿದ್ದಾಳೆ. ಓಣಿಯಲ್ಲಿ ಮೊದಲು ಕೇಳುತ್ತಿದ್ದ ಪಂಜದ ಸದ್ದು ಅಂದು ಅದೊಂದೇ ಮನೆಯಿಂದ ಬರುತ್ತಿತ್ತು. ಬಣ್ಣದ ವಿಷಯವನ್ನು ನಾನು ಅಳುಕುತ್ತಲೇ ತೆಗೆದೆ. ಪರಂಪರೆ ಕೆಡುತ್ತದೆ ಎಂದಾದರೂ ಆಕೆ ಹೇಳಲಿ ಎಂಬ ಆಸೆ ನನಗೆ. ಆಕೆ ಕೇಳಿದ್ದೇ ಬೇರೆ: "ದಾರಕ್ಕೆ ಬಣ್ಣ ಹಾಕಿಸೋಕೆ ಮುಂಗಡ ಎಷ್ಟು ಕೊಡ್ತೀರಿ?"

ಸೊಸೆ ಅರ್ಧ ಹಣವನ್ನು ಅಲ್ಲೇ ಎಣಿಸಿ ಕೊಟ್ಟಳು. ಬೆಲೆ ಯಂತ್ರದ ರಗ್ಗಿಗಿಂತ ಹೆಚ್ಚು, ಚೌಕಾಸಿ ಮಾಡಲಿಲ್ಲ. ಆ ರಗ್ಗು ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ ಎಳೆಯದು, ಇದು ಎರಡೂ ಮಗ್ಗುಲು ಬಳಸಬಹುದಾದ ಹತ್ತಿಯದು ಎಂದು ದಾರಿಯಲ್ಲಿ ಅವಳೇ ನನಗೆ ಲೆಕ್ಕ ಹೇಳಿದಳು. "ಪಾಪ ಎಂದು ಕೊಂಡದ್ದಲ್ಲ ಅಮ್ಮಿ, ಬೇಕಾಗಿತ್ತು, ಕೊಂಡೆ" ಎಂದಳು.

ಎರಡು ತಿಂಗಳ ನಂತರ ಜಮಖಾನ ಬಂತು. ಬೂದು ನೆಲ, ಕಪ್ಪು ಪಗಡೆಯ ಮನೆಗಳು. ನಾಲ್ಕೂ ಅಂಚಿನಲ್ಲಿ ಒಂದು ಬೆರಳಗಲ ಕೆಂಪು ಗೆರೆ. ಅದನ್ನು ನಾವು ಹೇಳಿರಲಿಲ್ಲ. ಫೋನಿನಲ್ಲಿ ಕೇಳಿದ್ದಕ್ಕೆ ಆಕೆ, "ಸ್ವಲ್ಪ ದಾರ ಉಳಿದಿತ್ತು, ಹಾಕಿದೆ" ಎಂದು ನಕ್ಕಳು. ಸೊಸೆ ಅದರ ಫೋಟೋವನ್ನು ತನ್ನ ಆಫೀಸಿನ ಗೆಳತಿಯರಿಗೆ ಕಳಿಸಿದ್ದಾಳೆ. ಇಬ್ಬರು ವಿಳಾಸ ಕೇಳಿದ್ದಾರಂತೆ, ಆ ಕೆಂಪು ಗೆರೆ ಸಮೇತ ಬೇಕೆಂದು. ಹೊಸ ಬೇಡಿಕೆ ಗಟ್ಟಿಯಾದರೆ ನೆಗೆಣ್ಣಿಯನ್ನು ಮತ್ತೆ ಮಗ್ಗಕ್ಕೆ ಕರೆಯುತ್ತೇನೆ ಎಂದು ನವಲಗುಂದದಿಂದ ಸುದ್ದಿ ಬಂದಿದೆ. ನಮ್ಮ ಹಜಾರದ ಗೋಡೆ ಇನ್ನೂ ಖಾಲಿಯಿದೆ. ಅದರ ಮೇಲೆ ಏನಿರಬೇಕೆಂಬ ಚರ್ಚೆ ಈ ಈದ್‌ಗಾದರೂ ಮುಗಿಯುವ ಲಕ್ಷಣವಿಲ್ಲ.